ತೋಡಿದ್ದೆಲ್ಲ ತೋಡಲ್ಲ

“ತೋಡು ಅಂದ್ರೆ ಯಾರೋ ತೋಡಿದ್ದು ಅಂತ ತಾನೇ ಮೇಡಂ?”

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನಿನಲ್ಲಿ ಬಂದ ಪ್ರಶ್ನೆ ಇದು. ಕೇಳಿದವಳು ಅಶ್ವಿನಿ. ತುಮಕೂರು ಕಡೆಯವಳು, ಕುಂದಾಪುರ ತಾಲೂಕಿಗೆ ಸರ್ವೇಯರ್ ಆಗಿ ಬಂದು ಇಲ್ಲಿಯ ಒಂದು ಮಳೆಗಾಲವನ್ನೂ ಕಂಡಿಲ್ಲ. ಅದೇ ಕೆಲಸ ಮಾಡಿ ನಿವೃತ್ತಳಾಗಿ ಬ್ರಹ್ಮಾವರದ ಮನೆಯಲ್ಲಿ ಕೂತಿರುವ ನನ್ನ ನಂಬರನ್ನು ಕಚೇರಿಯಲ್ಲಿ ಯಾರೋ ಅವಳಿಗೆ ಕೊಟ್ಟಿದ್ದರು.

“ಬಸ್ರೂರಿನಿಂದ ಒಳಗೆ ಒಂದು ಜಾಗ ಮೇಡಂ. ನಕ್ಷೇಲಿ ಎರಡು ಗೆರೆ ಇದೆ. ಹೋಗಿ ನೋಡಿದ್ರೆ ಒಣಗಿದ ಕಾಲುವೆ ಥರ ಇದೆ, ಮೇಲೊಂದು ಪೈಪು ಕಾಣುತ್ತೆ. ಅರ್ಜಿದಾರರು ಇದು ಅಗಳು, ನಮ್ಮದೇ, ಮುಚ್ಚಿ ಪಾರ್ಕಿಂಗ್ ಮಾಡ್ತೀವಿ ಅಂತಾರೆ. ಕೆಳಗಿನ ಮನೆಯಮ್ಮ ತೋಡು ಅಂತಾರೆ. ಎರಡೂ ಒಂದೇ ಅಲ್ವಾ? ಏನಂತ ಬರೀಲಿ?”

ನನ್ನ ಪಿತ್ತ ನೆತ್ತಿಗೇರಿತು. “ಅರ್ಜಿದಾರರು ಭುಜಂಗಣ್ಣ ಅಲ್ಲವಾ?” ಎಂದು ಕೇಳಿದೆ. ಹೌದಂತೆ. “ಕೆಳಗಿನ ಮನೆಯವರು ಗಿರಿಜಕ್ಕ?” ಅದೂ ಹೌದಂತೆ. “ನಿಮಗೆ ಹೇಗೆ ಗೊತ್ತು ಮೇಡಂ?” ಎಂದು ಆ ಹುಡುಗಿ ಬೆರಗಿನಿಂದ ಕೇಳಿದಳು.

ಹೇಗೆ ಗೊತ್ತೇ! ಆ ತೋಡಿನ ಒಂದು ಹೆಸರಿಗಾಗಿ ನಾನು ಎಷ್ಟು ಜನರ ಕೆಂಗಣ್ಣಿಗೆ ಗುರಿಯಾಗಿದ್ದೆ ಎಂಬುದು ನನಗೆ ಮಾತ್ರ ಗೊತ್ತು. “ಸದ್ಯಕ್ಕೆ ಏನೂ ಬರೆಯಬೇಡ ಮಗಾ. ಮೊದಲ ಮಳೆ ಬೀಳಲಿ. ಅಷ್ಟರಲ್ಲಿ ನಾನು ಎಲ್ಲ ಬರೆದು ಕಳಿಸುತ್ತೇನೆ” ಎಂದೆ. ಬರೆಯಲು ಕೂತ ಮೇಲೆ, ಇದು ಅವಳೊಬ್ಬಳಿಗೇ ಯಾಕೆ, ಈ ಕೆಲಸಕ್ಕೆ ಬರುವ ಉಳಿದ ಮಕ್ಕಳಿಗೂ ಇರಲಿ ಅನ್ನಿಸಿತು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದೆಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದು ಬೇಕಾದವರು ಬೇರೆ ಕಡೆ ನೋಡಿಕೊಳ್ಳಲಿ.

ಮೊದಲು ಮಾತು ಬಿಡಿಸುತ್ತೇನೆ. ಘಟ್ಟದ ಮೇಲಿನವರಿಗೆ ತೋಡು ಎಂದರೆ ಗುದ್ದಲಿಯ ಕೆಲಸ. ಬಾವಿ ತೋಡು, ಗುಂಡಿ ತೋಡು. ನಮ್ಮ ಕರಾವಳಿಯಲ್ಲಿ ತೋಡು ಎಂದರೆ ಹರಿಯುವ ನೀರು. ಗುಡ್ಡದ ಬುಡದಲ್ಲೋ ಮದಗದ, ಅಂದರೆ ಊರಿನ ಕೆರೆಯ, ಕೋಡಿಯಲ್ಲೋ ಹುಟ್ಟಿ, ಹತ್ತಾರು ಮನೆಗಳ ಗದ್ದೆ ಬದಿಯಲ್ಲಿ ಸುತ್ತಿ ಬಳಸಿ, ಕೊನೆಗೆ ಹೊಳೆ ಸೇರುತ್ತದೆ. ಅದನ್ನು ಯಾರ ಅಜ್ಜಯ್ಯನೂ ತೋಡಿಸಿದ್ದಲ್ಲ. ಅಗಳು ಬೇರೆ. ದನ ನುಗ್ಗಬಾರದು, ಗಡಿ ತಿಳಿಯಬೇಕು ಎಂದು ಜಾಗದವರೇ ತಮ್ಮ ಜಾಗದ ಅಂಚಿನಲ್ಲಿ ಆಳು ಹಾಕಿ ತೋಡಿಸಿದ ಕಂದಕ ಅದು. ಅಲ್ಲಿ ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಹಾಗಾಗಿ ತೋಡಿದ್ದು ಅಗಳು, ತೋಡು ಮಾತ್ರ ಯಾರೂ ತೋಡಿದ್ದಲ್ಲ.

ಇದು ಬರೀ ಭಾಷೆಯ ಚಮತ್ಕಾರ ಅಂದುಕೊಳ್ಳಬೇಡಿ. ಅಗಳು ತೋಡಿಸಿದವರದ್ದು, ಬೇಕಾದರೆ ಮುಚ್ಚಿಕೊಳ್ಳಲಿ. ತೋಡು ಸರ್ಕಾರದ್ದು. ಅದರ ದಂಡೆಯಲ್ಲಿ ಜಾಗ ಇರುವ ಪ್ರತಿಯೊಬ್ಬರಿಗೂ ಆ ನೀರನ್ನು ಬಳಸುವ ಹಕ್ಕಿದೆ. ಕುಡಿಯಲಿ, ದನಕ್ಕೆ ಕೊಡಲಿ, ಗದ್ದೆಗೆ ಬಿಡಲಿ, ಬೇಡ ಅನ್ನುವವರಿಲ್ಲ. ಆದರೆ ಬಳಸುವ ಹಕ್ಕು ಬೇರೆ, ಯಜಮಾನಿಕೆ ಬೇರೆ. ಮೇಲಿನವರು ಬಳಸಿ ಕೆಳಗಿನವರಿಗೆ ಬಿಡಬೇಕು, ಅವರು ಬಳಸಿ ಅವರ ಕೆಳಗಿನವರಿಗೆ ಬಿಡಬೇಕು. ನೀವು ಸ್ಕೆಚ್ಚಿನಲ್ಲಿ ‘ತೋಡು’ ಎಂಬಲ್ಲಿ ‘ಅಗಳು’ ಎಂದು ಬರೆದಿರೋ, ಕೆಳಗಿನ ಅಷ್ಟೂ ಮನೆಯವರ ಹಕ್ಕಿಗೆ ಒಂದೇ ಪದದಲ್ಲಿ ಎಳ್ಳುನೀರು ಬಿಟ್ಟಿರಿ ಎಂದೇ ಅರ್ಥ.

ನೀರಿಗೆ ತಾಗಿ ಜಾಗ ಇದ್ದ ಕೂಡಲೇ ನೀರೂ ತನ್ನದು ಎನ್ನುವ ರೋಗವನ್ನು ನಾನು ಮೊದಲು ಕಂಡದ್ದು ಬೈಂದೂರು ಕಡೆ. ಒಂದು ಮದಗ. ದಂಡೆಯ ಮೇಲೊಬ್ಬ ಗೃಹಸ್ಥರು ದೊಡ್ಡ ಪಂಪು ಕೂರಿಸಿ ಹಗಲಿಡೀ ಎಳೆಯುತ್ತಿದ್ದರು. ಆಚೆ ದಂಡೆಯವರ ಉದ್ದಿನ ಗಿಡ ಬಾಡಿ ಮಲಗಿತ್ತು. ಅಳೆಯಲು ಹೋದ ನನಗೆ ಆ ಪುಣ್ಯಾತ್ಮರು ಕೆರೆಯ ಕಡೆ ಕೈ ಬೀಸಿ, “ನಮ್ ಜಾಗಕ್ಕೆ ತಾಗಿ ಇತ್ತಲೆ ಅಮ್ಮ, ಹಾಂಗಾರೆ ನಮ್ದೇ ಅಲ್ದಾ?” ಎಂದರು.

“ನಿಮ್ಮ ಮನೆ ದೇವಸ್ಥಾನಕ್ಕೂ ತಾಗಿಕೊಂಡೇ ಇದೆ. ದೇವರೂ ನಿಮ್ಮವರೇನು?” ಎಂದು ಕೇಳಿದೆ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. ನನ್ನ ಮೇಲೆ ‘ಉದ್ಧಟತನದ ವರ್ತನೆ’ ಎಂದು ಒಂದು ದೂರು ಹೋಯಿತು. ಹೋಗಲಿ. ನಕ್ಷೆಯಲ್ಲಿ ಮದಗ ಮದಗವಾಗಿಯೇ ಉಳಿಯಿತು, ಪಂಪು ದಂಡೆ ಬಿಟ್ಟು ಹೋಯಿತು.

ಇನ್ನು ನಮ್ಮ ಮೇಲಧಿಕಾರಿಗಳ ವಿಷಯ. ಅವರನ್ನು ನಾವು ಬೆನ್ನ ಹಿಂದೆ ಜೀಪ್ ಸಾಹೇಬರು ಎನ್ನುತ್ತಿದ್ದೆವು. ಬಯಲುಸೀಮೆಯಿಂದ ಬಂದವರು, ಜೀಪಿನಿಂದ ಇಳಿಯುವುದೆಂದರೆ ಪ್ರಾಣಸಂಕಟ. ಕೆಟ್ಟವರೆಂದು ಹೇಳಲಾರೆ. ಲಂಚ ಮುಟ್ಟಿದವರಲ್ಲ. ಆದರೆ ದೊಡ್ಡ ಮನೆಯವರ ಮಾತೆಂದರೆ ಸಾಕು, ಬೆಣ್ಣೆಯ ಹಾಗೆ ಕರಗುತ್ತಿದ್ದರು. ಒಮ್ಮೆ ಹಂಗಾರಕಟ್ಟೆ ಕಡೆ ಹೊಳೆ ಬದಿಯ ಜಾಗಕ್ಕೆ ಗಡಿಕಲ್ಲು ಹಾಕಬೇಕಿತ್ತು. ನಾವು ಹೋದಾಗ ಇಳಿತ. ನೀರು ದೂರ ಹಿಂದೆ ಸರಿದು ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಸಾಹೇಬರು ಜೀಪಿನಲ್ಲಿ ಕೂತಲ್ಲಿಂದಲೇ ಬೆರಳು ತೋರಿಸಿ, “ಅಲ್ಲೀತನಕ ಭೂಮಿ ಕಾಣ್ತಾ ಇದೆಯಲ್ರೀ, ಅಲ್ಲೇ ಕಲ್ಲು ಹಾಕ್ಸಿ” ಎಂದರು.

“ಸರ್, ಅದು ಭೂಮಿಯಲ್ಲ, ಹೊಳೆ. ಉಬ್ಬರ ಬಂದರೆ ತುಂಬುತ್ತದೆ” ಎಂದೆ.

“ಕಣ್ಣಿಗೆ ಕಾಣೋದನ್ನೂ ಇಲ್ಲ ಅಂತೀರಲ್ರೀ!” ಎಂದು ಗದರಿದರು. ಕಲ್ಲು ಹಾಕಿಸಿದರು. ಮಹಜರು ಬರೆದು ಊಟ ಮುಗಿಸಿ ಬರುವಷ್ಟರಲ್ಲಿ ಕಲ್ಲು ನೀರಿನಲ್ಲಿ ಮುಳುಗಿ, ಅದರ ಮೇಲೆ ಒಂದು ದೋಣಿ ಹಾಯಾಗಿ ಸಾಗುತ್ತಿತ್ತು. ನಗು ತಡೆದುಕೊಳ್ಳಲು ನಾನು ಸೀರೆ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದೆ. ಆದರೆ ಮುಂದಾದದ್ದು ನಗುವ ವಿಷಯವಲ್ಲ. ಆ ಜಾಗದವರು ಕಲ್ಲಿನವರೆಗೂ ನಮ್ಮದೇ ಎಂದು ಹೊಳೆಗೇ ಬೇಲಿ ಕಟ್ಟಲು ಹೊರಟರು. ಮೀನು ಹಿಡಿಯುವವರು ದೋಣಿ ಕಟ್ಟಲು ಜಾಗವಿಲ್ಲದೆ ಪೇಚಾಡಿದರು. ಆ ಕಲ್ಲು ಕೀಳಿಸಲು ನಾವು ಪಟ್ಟ ಶ್ರಮ ಹಾಕುವಾಗ ಪಟ್ಟದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಅಂದಿನಿಂದ ನನಗೊಂದು ನಿಯಮ ಆಯಿತು. ನೀರಿನ ಜಾಗವನ್ನು ನೀರು ಇಲ್ಲದ ಹೊತ್ತಿನಲ್ಲಿ ನೋಡಿ ತೀರ್ಮಾನ ಮಾಡಬಾರದು.

ಹಿಂದೆ ಸರಪಳಿ ಹಿಡಿದು ಅಳೆಯುವಾಗ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತಿತ್ತು. ತೋಡಿನ ಉದ್ದಕ್ಕೂ ನಡೆಯಲೇಬೇಕು. ಕೇದಗೆ ಮುಳ್ಳು ಕಾಲಿಗೆ ಗೀರಬೇಕು, ರಕ್ತ ಹೀರುವ ಇಂಬಳ ಹತ್ತಬೇಕು, ದಾರಿಯಲ್ಲಿ ನಾಲ್ಕು ಮನೆಯವರು “ಎಂತ ಅಮ್ಮ, ಎಲ್ಲಿಗ್ ಹೊರ್ಟ್ರಿ?” ಎಂದು ಕೇಳಬೇಕು. ಆ ನಾಲ್ಕು ಮನೆಯವರ ಮಾತಿನಲ್ಲೇ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತಿತ್ತು. ಈಗ ಉಪಗ್ರಹ ನೋಡಿ ಅಳೆಯುವ ರೋವರ್ ಬಂದಿದೆ, ಡ್ರೋನ್ ಬಂದಿದೆ. ನಾನು ಯಂತ್ರದ ವೈರಿಯಲ್ಲ. ಸರಪಳಿಯಲ್ಲಿ ನಾವು ಮಾಡುತ್ತಿದ್ದ ತಪ್ಪು ಅದರಲ್ಲಿ ಬರುವುದಿಲ್ಲ ಎಂಬುದೂ ಸತ್ಯ. ಆದರೆ ಡ್ರೋನ್ ಹಾರಿಸುವುದು ಬಿಸಿಲು ಕಾಲದಲ್ಲಿ. ಮೇಲಿನಿಂದ ಅದಕ್ಕೆ ಕಾಣುವುದು ಹಸಿರು ಪೊದೆ. ಪೊದೆಯಡಿಯ ತೋಡು ಅದಕ್ಕೆ ಕಾಣದಿದ್ದರೆ ಅದರ ತಪ್ಪಲ್ಲ. ಎ.ಸಿ. ಕೋಣೆಯಲ್ಲಿ ಕೂತು ಆ ಚಿತ್ರ ನೋಡಿ “ಇಲ್ಲಿ ನೀರಿನ ಹರಿವು ಇರುವುದಿಲ್ಲ” ಎಂದು ಬರೆಯುವ ನಾವಿದ್ದೇವಲ್ಲ, ತಪ್ಪು ನಮ್ಮದು.

ಈಗ ಗಿರಿಜಕ್ಕನ ಬಾವಿಗೆ ಬರುತ್ತೇನೆ.

ಬಸ್ರೂರಿನಿಂದ ಒಳಗೆ ಒಂದು ಮದಗ, ಅದರ ಕೋಡಿಯಿಂದ ಹೊರಡುವ ಒಂದು ತೋಡು. ತೋಡಿನ ನಡುಭಾಗದಲ್ಲಿ ಭುಜಂಗಣ್ಣನ ಜಾಗ, ಕೊನೆಯಲ್ಲಿ ಗಿರಿಜಕ್ಕನ ಗದ್ದೆ ಮತ್ತು ಮನೆ. ಅಲ್ಲಿಂದಾಚೆ ಹೊಳೆ. ಬೇಸಿಗೆಯಲ್ಲಿ ಉಬ್ಬರ ಬಂದಾಗ ಆ ಹೊಳೆಯ ನೀರು ಉಪ್ಪಾಗುತ್ತದೆ. ಮೇಲಿನಿಂದ ತೋಡಿನ ಸಿಹಿನೀರು ಸಣ್ಣಗಾದರೂ ಇಳಿಯುತ್ತಿದ್ದರೆ ನೆಲದಲ್ಲಿ ಇಂಗಿ ಉಪ್ಪನ್ನು ಹಿಂದಕ್ಕೆ ನೂಕುತ್ತದೆ. ಅದು ನಿಂತರೆ ಉಪ್ಪು ಒಳಗೆ ಬರುತ್ತದೆ, ಬಾವಿಗೂ ಬರುತ್ತದೆ. ಇಷ್ಟು ತಿಳಿದರೆ ಈ ಕಥೆಯೆಲ್ಲ ತಿಳಿದ ಹಾಗೆ.

ಭುಜಂಗಣ್ಣ ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಜಾಗದಲ್ಲಿ ಪ್ರವಾಸಿಗರಿಗೆಂದು ಕುಟೀರಗಳನ್ನು ಕಟ್ಟಿ, ತೋಡಿಗೆ ಅಡ್ಡವಾಗಿ ಕೆಂಪುಕಲ್ಲಿನ ಗೋಡೆ ಎಬ್ಬಿಸಿ, ಹಿಂದೆ ನಿಂತ ನೀರಿನಲ್ಲಿ ಕಾಲಲ್ಲಿ ತುಳಿಯುವ ಬಾತುಕೋಳಿ ದೋಣಿ ಬಿಟ್ಟಿದ್ದರು. ಉಳಿದ ನೀರು ಹುಲ್ಲುಹಾಸಿಗೆ. ಗೋಡೆಯ ಕೆಳಗೆ ಬೇಸಿಗೆಯಲ್ಲಿ ಹನಿಯೂ ಇಲ್ಲ. ಗಿರಿಜಕ್ಕ ದೂರು ಕೊಟ್ಟರು. ಭುಜಂಗಣ್ಣ ಎದುರು ಅರ್ಜಿ ಹಾಕಿ, ಇದು ತೋಡೇ ಅಲ್ಲ, ನಮ್ಮ ಸ್ವಂತ ಅಗಳು ಎಂದರು. ಅಳತೆಗೆ ಹೋಗುವ ಸರದಿ ನನ್ನದಾಯಿತು. ದೊಡ್ಡ ಮನೆಯವರ ಕೆಲಸ ಎಂದು ಜೀಪ್ ಸಾಹೇಬರೂ ಹೊರಟರು.

ಸುಡುಬಿಸಿಲು. ಭುಜಂಗಣ್ಣ ನಮಗೆ ಕುರ್ಚಿ ಹಾಕಿಸಿ, ಎಳನೀರಿನ ಬೊಂಡ ಕೆತ್ತಿಸಿದರು.

“ಅಮ್ಮ, ಇದ್ ನಮ್ ಅಜ್ಜಯ್ಯ ತೋಡ್ಸದ್ ಅಗಳ್. ಸರ್ಕಾರಕ್ಕೂ ಇದ್ಕೂ ಎಂತ ಸಂಬಂಧ ಇಲ್ಲ. ಬೊಂಡ ತಕಣಿ, ಮತ್ತೆ ಬರ್ಕಣಿ.”

ಸಾಹೇಬರು ಬೊಂಡ ಹೀರುತ್ತ ನನ್ನ ಕಡೆ ತಿರುಗಿದರು. “ನೋಡ್ರೀ, ಆ ಹೆಂಗಸು ಕೊಟ್ಟಿರೋ ದೂರಿನಲ್ಲೇ ತೋಡು ಅಂತ ಇದೆ. ತೋಡು ಅಂದ್ರೆ ಯಾರೋ ತೋಡಿದ್ದು. ಇವರ ತಾತ ತೋಡ್ಸಿದ್ದು ಅಂತ ಇವರೇ ಹೇಳ್ತಿದ್ದಾರೆ. ಎರಡೂ ಒಂದೇ ಆಯ್ತಲ್ಲ. ಖಾಸಗಿ ಅಗಳು ಅಂತ ಬರೆದು ಮುಗಿಸ್ರೀ.”

ಒಂದು ಊರಿನ ಭಾಷೆ ತಿಳಿಯದೆ ಅದೇ ಊರಿನ ನೀರಿಗೆ ತೀರ್ಪು ಕೊಡುವುದೆಂದರೆ! ಇಲ್ಲಿ ತೋಡು ಎಂದರೆ ಏನೆಂದು ನಾನು ಬಿಡಿಸಿ ಹೇಳಿದೆ. ಅವರು ಕೈಯಾಡಿಸಿಬಿಟ್ಟರು. “ನಿಮ್ಮ ಕರಾವಳಿ ಕನ್ನಡ ಆರ್ಡರ್‌ನಲ್ಲಿ ನಡೆಯಲ್ಲ.”

ಅಷ್ಟರಲ್ಲಿ ಗಿರಿಜಕ್ಕ ಬಂದರು. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಎರಡು ಬೆಳೆ ತೆಗೆಯುತ್ತಿದ್ದ ಹೆಂಗಸು, ಗಟ್ಟಿ ಕಂಠ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಲೋಟ. ಚೊಂಬಿನಿಂದ ನೀರು ಬಗ್ಗಿಸಿ ಲೋಟವನ್ನು ಸಾಹೇಬರ ಮುಂದೆ ಹಿಡಿದರು.

“ನಮ್ ಬಾಮಿ ನೀರ್ ಸಾಯ್ಬ್ರೆ. ನಾನ್ ಹೇಳುದಕ್ಕಿಂತ ನೀವೇ ಕುಡ್ದ್ ಕಾಣಿ.”

ಸಾಹೇಬರು ಲೋಟ ನೋಡಿದರು, ಅದನ್ನು ಹಿಡಿದ ಕೈ ನೋಡಿದರು. “ನಾನು ಹೊರಗಡೆ ನೀರು ಕುಡಿಯಲ್ಲಮ್ಮ” ಎಂದು ಜೀಪಿನಲ್ಲಿದ್ದ ಬಾಟಲಿಯತ್ತ ಕೈ ತೋರಿಸಿದರು. ಗಿರಿಜಕ್ಕ ಭುಜಂಗಣ್ಣನ ಕಡೆ ತಿರುಗಿದರು. ಅವರು ಮುಖ ಆಚೆ ಮಾಡಿ ಯಾರನ್ನೋ ಕರೆಯುವ ನೆಪದಲ್ಲಿ ಎದ್ದು ಹೋದರು. ಕೊನೆಗೆ ನಾನು ತೆಗೆದುಕೊಂಡು ಕುಡಿದೆ. ಒಂದು ಗುಟುಕು ಗಂಟಲಿಳಿಯುವುದರೊಳಗೆ ಬಾಯೆಲ್ಲ ಉಪ್ಪಾಗಿತ್ತು.

“ಮೊದ್ಲ್ ಇದೇ ನೀರಗೆ ಊರ್ ಮದ್ವೆಗೆಲ್ಲ ಅಡ್ಗಿ ಆತಿತ್. ಈಗ್ಳ್ ಗಂಜಿಗೆ ಉಪ್ಪ್ ಹಾಕುದೇ ಬ್ಯಾಡ” ಎಂದು ಗಿರಿಜಕ್ಕ ನಕ್ಕರು. ಆ ವರ್ಷ ಅವರು ಸುಗ್ಗಿ ಗದ್ದೆಯನ್ನು ಬಿತ್ತದೆ ಹಡಿಲು ಬಿಟ್ಟಿದ್ದರು. ಕುಡಿಯುವ ನೀರಿಗೆ ಬೇರೆಯವರ ಬಾವಿಕಟ್ಟೆಯಲ್ಲಿ ಸರದಿ ಕಾಯುತ್ತಿದ್ದರು. ಇತ್ತ ಮೇಲೆ, ಅದೇ ನೀರಿನಲ್ಲಿ, ಯಾರೋ ಹೊರಗಿನವರು ಬಾತುಕೋಳಿ ತುಳಿಯುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು!

ನಾನು ಅಗಳು ಎಂದು ಬರೆಯಲಿಲ್ಲ. ‘ಒಣ ಋತುವಿನಲ್ಲಿ ಹರಿವಿನ ಸ್ವರೂಪ ತಿಳಿಯುವುದಿಲ್ಲ, ಮಳೆ ಬಿದ್ದ ಮೇಲೆ ಸ್ಥಳ ಪುನಃ ನೋಡತಕ್ಕದ್ದು’ ಎಂದು ಬರೆದೆ. ಕಚೇರಿಯಲ್ಲಿ ಅದನ್ನು ಓದಿದ ಸಾಹೇಬರು ಕೆಂಡಾಮಂಡಲವಾದರು. ಮಳೆಗಾಲದಲ್ಲಿ ಯಾರಾದರೂ ಸರ್ವೆ ಮಾಡುತ್ತಾರೇನ್ರೀ, ತಲೆ ಕೆಟ್ಟಿದೆಯೇನ್ರೀ ಎಂದು ಕೂಗಾಡಿದರು. ವರ್ಗ ಮಾಡಿಸುತ್ತೇನೆ ಎಂದರು. “ಮಾಡಿಸಿ ಸರ್. ನನ್ನ ಜಾಗಕ್ಕೆ ಬರುವವರೂ ಇದನ್ನು ಓದಿಯೇ ಮುಂದುವರಿಯಬೇಕು” ಎಂದೆ. ಹೇಳಿ ಹೊರಗೆ ಬಂದ ಮೇಲೆ ಹೆದರಿದ್ದೂ ನಿಜ. ಸಿಟ್ಟು ಇದ್ದವರಿಗೆ ಭಯ ಇರುವುದಿಲ್ಲ ಎಂದು ತಿಳಿಯಬೇಡಿ.

ಮೊದಲ ಮಳೆ ಹೊಯ್ದ ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಎಲ್ಲರ ಕೈಯಲ್ಲೂ ಕೊಡೆ. ಸಾಹೇಬರೂ ಈ ಸಲ ವಿಧಿಯಿಲ್ಲದೆ ಇಳಿದು, ಪ್ಯಾಂಟು ಮಡಚಿ ನಿಂತಿದ್ದರು. ಮೇಲಿನ ಮದಗ ತುಂಬಿ ಕೋಡಿ ಹರಿದು, ಭುಜಂಗಣ್ಣನ ಗೋಡೆಯ ಮೇಲಿಂದ ಕೆಂಪು ನೀರು ಧೋ ಎಂದು ಸುರಿಯುತ್ತಿತ್ತು. ಗೋಡೆಯ ಕೆಳಗೆ ಹೊಳೆಯ ತನಕ ತೋಡು ತುಂಬಿತ್ತು. ಭುಜಂಗಣ್ಣ ನನ್ನ ಪಕ್ಕದಲ್ಲೇ ನಿಂತು, ಮಳೆ ಬಂದರೆ ಯಾರ ಅಗಳಾದರೂ ತುಂಬುತ್ತದೆ ಎಂದು ವಾದಿಸುತ್ತಿದ್ದರು. ಅದೂ ಒಂದು ಮಾತೇ.

ಆಗ ಗೋಡೆಯ ಬುಡದಲ್ಲಿ ಏನೋ ಕಪ್ಪಗೆ ಎಗರಿತು. ಇನ್ನೊಂದು. ಮತ್ತೊಂದು.

ಭುಜಂಗಣ್ಣನ ವಾದ ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಕೊಡೆ ಎತ್ತಲೋ ಹೋಯಿತು. ಬಿಳಿ ಪಂಚೆಯನ್ನು ಮೊಣಕಾಲಿಗಿಂತ ಮೇಲೆ ಎತ್ತಿ ಕಟ್ಟಿದವರೇ ಕೆಸರಿಗೆ ಇಳಿದುಬಿಟ್ಟರು.

“ಹ್ವಾಯ್! ಹತ್ತ್ ಮೀನ್! ಹತ್ತ್ ಮೀನ್ ಹೊರ್ಟಿತ್ ಕಾಣಿ! ಗಿರಿಜಾ, ಕೂಳಿ ಇತ್ತಾ ನಿನ್ ಮನಿಯಗೆ? ಬೇಗ ತಕಂಬಾ!”

ಮೊದಲ ಮಳೆಗೆ ಹೊಸನೀರಿನ ವಾಸನೆ ಹಿಡಿದು ಹೊಳೆಯ ಮೀನು ಪ್ರವಾಹಕ್ಕೆ ಎದುರಾಗಿ ಮೇಲೆ ಹತ್ತುತ್ತದೆ. ಅದೇ ಹತ್ತುಮೀನು. ಬಿದಿರಿನ ಬುಟ್ಟಿಯಂಥ ಕೂಳಿ ಒಡ್ಡಿ ಅದನ್ನು ಹಿಡಿಯುವುದೆಂದರೆ ನಮ್ಮ ಕಡೆಯವರಿಗೆ ವಯಸ್ಸು ಲೆಕ್ಕಕ್ಕಿಲ್ಲ. ಮುಂಬಯಿಯಲ್ಲಿ ಎಷ್ಟು ಕಾಲ ಇದ್ದರೂ ಆ ಹುಚ್ಚು ಬಿಡುವುದಿಲ್ಲ. ಭುಜಂಗಣ್ಣ ಎರಡೂ ಕೈಯಲ್ಲಿ ಜಾರುವ ಮುಗುಡು ಮೀನನ್ನು ಹಿಡಿದು ನನ್ನ ಕಡೆ ಎತ್ತಿ ತೋರಿಸಿದರು. ಮುಖ ಅರಳಿತ್ತು.

“ಸಣ್ ಹುಡ್ಗ ಆಯಿಪ್ಪತಿಗೆ ಇದೇ ತೋಡಗೆ ನಾನ್ ಎಷ್ಟ್ ಮೀನ್ ಹಿಡ್ದಿದ್ದೆ ಗೊತ್ತಿತ್ತಾ ಅಮ್ಮ! ಹೊಳಿಯಿಂದ ಸೀದಾ ಮದಗದ್ ತನಕ ಹತ್ತತ್ತ್ ಅವ್!”

“ಯಾವ ತೋಡು ಭುಜಂಗಣ್ಣ?” ಎಂದು ಕೇಳಿದೆ.

“ಇದೇ ತೋಡ್ ಮಾರಾಯ್ರೆ, ಬೇರೆ ಯಾವ್ದ್ ಇತ್ತ್ ಇಲ್ಲಿ?” ಎಂದು ರೇಗಿಯೇ ಹೇಳಿದರು. ಮುಗುಡು ಕೈಯಿಂದ ಜಾರಿ ನೀರಿಗೆ ಬಿತ್ತು.

ಗಿರಿಜಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. “ಅಗಳಗೆ ಹೊಳಿ ಮೀನ್ ಹತ್ತುದ್ ನಾನ್ ಇವತ್ತೇ ಕಂಡದ್ ಭುಜಂ­ಗಣ್ಣ” ಎಂದರು.

ನಾನು ಕೊಡೆಯಡಿ ನಿಂತು, ಅವರಾಡಿದ ಮಾತನ್ನು ಅವರಾಡಿದ ಹಾಗೆಯೇ ಮಹಜರಿನಲ್ಲಿ ಬರೆದೆ. ಹೊಳೆಯಿಂದ ಮದಗದವರೆಗೆ ಮೀನು ಹತ್ತುತ್ತದೆ ಎಂದ ಮೇಲೆ ನೀರು ಒಂದೇ ಎಳೆ, ನಡುವೆ ಯಾರ ಅಗಳೂ ಇಲ್ಲ. ಓದಿ ಹೇಳಿದೆ. ಭುಜಂಗಣ್ಣ “ಮೀನ್ ಹಿಡ್ದದ್ ಸುಳ್ಳಂದ್ ಹೆಂಗ್ ಹೇಳುದ್?” ಎಂದು ಗೊಣಗಿ ಸಹಿ ಹಾಕಿದರು. ಆ ಒಂದು ಸಹಿಗಾಗಿ ಇಂದಿಗೂ ಅವರ ಮೇಲೆ ನನಗೆ ಚೂರು ಗೌರವ ಇದೆ. ಮುಂದೆ ಮಾಡಿದ್ದಕ್ಕೆ ಇಲ್ಲ.

ಸಾಹೇಬರು ಮಾತ್ರ ಒಪ್ಪಲಿಲ್ಲ. “ಮೀನು ಹತ್ತಿತು ಅಂತ ಸರ್ಕಾರಿ ಕಾಗದದಲ್ಲಿ ಬರೀತೀರೇನ್ರೀ? ಮೀನಿಗೆ ಸಹಿ ಹಾಕೋಕೆ ಬರುತ್ತಾ?”

“ಮೀನಿಗೆ ಬರುವುದಿಲ್ಲ ಸರ್. ಭುಜಂಗಣ್ಣನಿಗೆ ಬರುತ್ತದೆ, ಹಾಕಿದ್ದಾರೆ” ಎಂದೆ.

ಆ ವಾಕ್ಯ ತೆಗೆದು ಹೊಸದಾಗಿ ಬರೆದುಕೊಡಿ ಎಂದು ಕಚೇರಿಯಲ್ಲಿ ಎಷ್ಟೋ ಸಲ ಒತ್ತಾಯ ಬಂತು. ನಾನು ಬರೆಯಲಿಲ್ಲ. ಕೊನೆಗೆ ಮೇಲಿನಿಂದ ಆದೇಶ ಬಂದಾಗ ಅದರಲ್ಲಿ ತೋಡು ಎಂದೇ ಇತ್ತು. ಗಿರಿಜಕ್ಕ ಒಂದು ಹಲಸಿನ ಹಣ್ಣು ಹೊತ್ತು ಕಚೇರಿಗೆ ಬಂದು, ನಾನು ಬೇಡ ಬೇಡ ಎಂದರೂ ಕೇಳದೆ ಮೇಜಿನ ಮೇಲೆ ಇಟ್ಟು ಹೋದರು. ಎಲ್ಲರೂ ಹಂಚಿಕೊಂಡು ತಿಂದೆವು. ಸಾಹೇಬರೂ ತಿಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು ನೋಡಿ. ಆದೇಶದ ಕೊನೆಯ ಸಾಲು ಹೀಗಿತ್ತು: ‘ನೀರು ಕೆಳಭಾಗಕ್ಕೆ ಹರಿಯಲು ಸೂಕ್ತ ವ್ಯವಸ್ಥೆ ಮಾಡತಕ್ಕದ್ದು.’ ಗೋಡೆ ತೆಗೆಯತಕ್ಕದ್ದು ಎಂದಿರಲಿಲ್ಲ. ಯಾವ ಮಟ್ಟದಲ್ಲಿ ವ್ಯವಸ್ಥೆ ಎಂಬುದೂ ಇರಲಿಲ್ಲ. ಭುಜಂಗಣ್ಣ ವ್ಯವಸ್ಥೆ ಮಾಡಿದರು. ಗೋಡೆಯ ನೆತ್ತಿಯ ಹತ್ತಿರ ತೂತು ಕೊರೆದು ಒಂದು ಪೈಪು ಇಟ್ಟರು! ಕೊಳ ತುಂಬಿ ತುಳುಕಿದರೆ ಮಾತ್ರ ಪೈಪಿಗೆ ನೀರು. ತುಂಬಿ ತುಳುಕುವುದು ಮಳೆಗಾಲದಲ್ಲಿ, ಯಾರಿಗೂ ನೀರು ಬೇಡದಿದ್ದಾಗ. ಬೇಸಿಗೆಯಲ್ಲಿ ಆ ಪೈಪಿನಲ್ಲಿ ಓತಿಕ್ಯಾತ ಮೊಟ್ಟೆ ಇಟ್ಟೀತು ಅಷ್ಟೆ. ಸ್ಥಳಕ್ಕೆ ಯಾರೂ ಹೋಗದೆ ‘ಆದೇಶ ಪಾಲನೆಯಾಗಿದೆ’ ಎಂದು ವರದಿ ಹೋಯಿತು. ಅಷ್ಟರಲ್ಲಿ ನನಗೆ ಬೈಂದೂರಿಗೆ ವರ್ಗವಾಗಿತ್ತು. ಅಲ್ಲಿಂದಲೂ ಎರಡು ಸಲ ಬರೆದು ತಿಳಿಸಿದೆ. ‘ತಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಉತ್ತರ ಬಂತು. ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ನನ್ನ ನಾಲಿಗೆಯಲ್ಲಿ ಆ ಲೋಟದ ಉಪ್ಪೇ ಇತ್ತು.

ಈಗ ಭುಜಂಗಣ್ಣ ಗೋಡೆಯ ಕೆಳಗಿನ ಪಟ್ಟಿಯನ್ನೂ ಕೊಂಡಿದ್ದಾರೆ. ಅದಕ್ಕೆ ಬೇರೆ ಸರ್ವೆ ನಂಬರು, ಹಳೆಯ ಆದೇಶ ಅದಕ್ಕೆ ತಾಗುವುದಿಲ್ಲವಂತೆ. ಅಲ್ಲಿಯ ಒಣ ತೋಡನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಬೇಕಂತೆ. ಅಶ್ವಿನಿ ಅಗಳು ಎಂದು ಬರೆದರೆ ಮಳೆಗಾಲದ ನೀರಿಗೂ ದಾರಿಯಿಲ್ಲ. ಗಿರಿಜಕ್ಕನ ಬಾವಿ ಮುಂದೆಂದೂ ಸಿಹಿಯಾಗುವ ಮಾತಿಲ್ಲ. ತೋಡನ್ನು ಮೊದಲು ಒಣಗಿಸುವುದು, ಆಮೇಲೆ ಒಣಗಿದೆ ನೋಡಿ, ತೋಡಲ್ಲ ಎನ್ನುವುದು! ಕಾಲು ಮುರಿದು ಕುಂಟ ಎಂದು ಹಂಗಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಷ್ಟನ್ನು ಬರೆದು ಅಶ್ವಿನಿಗೆ ಕಳಿಸಿದೆ. ಅವಳಿಂದ ಉತ್ತರ ಬರಲಿಲ್ಲ. ಮೇಲಿನವರು ಹೆದರಿಸಿರಬೇಕು, ಹೊಸ ಹುಡುಗಿ, ನೌಕರಿ ಖಾಯಂ ಆಗಬೇಕು, ಅವಳನ್ನಾದರೂ ಹೇಗೆ ದೂರುವುದು ಎಂದುಕೊಂಡು ಸುಮ್ಮನಾದೆ. ಸುಮ್ಮನಾದೆ ಎಂದರೆ, ಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯಾಗಿತ್ತು.

ಮೊನ್ನೆ ಮೊದಲ ಮಳೆ ಹೊಯ್ಯಿತು. ಮರುದಿನ ಬೆಳಿಗ್ಗೆ ಫೋನು. ಆ ಕಡೆ ಮಳೆಯ ಅಬ್ಬರಕ್ಕೆ ಅಶ್ವಿನಿ ಕಿರುಚುತ್ತಿದ್ದಳು.

“ಮೇಡಂ, ಪೈಪಿನ ಕೆಳಗೆ ನಿಂತಿದೀನಿ! ಮೀನು ಮೇಡಂ, ಮೀನು! ಗೋಡೆಗೆ ಬಂದು ಬಂದು ಹೊಡ್ಕೊಳ್ತಾ ಇವೆ!”

“ಬರೆದೆಯಾ?”

“ತೋಡು ಅಂತ ಬರೆದೆ. ಪೈಪ್ ಎಷ್ಟು ಎತ್ತರದಲ್ಲಿದೆ ಅಂತ ಅಳತೆ ತಗೊಂಡು ಅದನ್ನೂ ಬರೆದೆ. ವಿಡಿಯೋನೂ ಮಾಡಿದೀನಿ. ಆದ್ರೆ ಮೇಡಂ, ನಮ್ಮ ಸಾಹೇಬರು ಇದಕ್ಕೆ ಸಹಿ ಹಾಕಲ್ಲ ಅಂತಿದಾರೆ.”

“ನೀನು ಹಾಕಿದ್ದೀಯಲ್ಲ?”

“ಹಾಕಿದೆ. ಕೈ ನಡುಗ್ತು ಮೇಡಂ” ಎಂದಳು.

“ನಡುಗಲಿ ಬಿಡು. ಸಹಿ ಸೊಟ್ಟ ಆದರೂ ಸಹಿಯೇ” ಎಂದೆ.

ಅಷ್ಟರಲ್ಲಿ ಅವಳ ಕೈಯಿಂದ ಯಾರೋ ಫೋನು ತೆಗೆದುಕೊಂಡರು. ವರ್ಷಗಳಾಗಿದ್ದರೂ ಆ ಗಟ್ಟಿ ಕಂಠ ಹಾಗೆಯೇ ಇತ್ತು.

“ಸರ್ವೇಯರಮ್ಮ, ನಾನ್ ಗಿರಿಜ. ಬಾಮಿ ನೀರ್ ಇನ್ನೂ ಉಪ್ಪೇ ಇತ್ತ್ ಕಾಣಿ. ಅದ್ ಯಾವತ್ತ್ ಸಮ ಆತ್ತೋ ದೇವ್ರಿಗೇ ಗೊತ್ತ್.” ಮಳೆ ಅವರ ಮಾತನ್ನು ಒಂದು ಗಳಿಗೆ ನುಂಗಿತು. “ಆರೆ ಈ ಹೆಣ್, ನಾನ್ ಲೋಟ ಹಿಡುಕ್ ಮೊದ್ಲೇ, ತಾನಾಗೇ ನೀರ್ ಕೇಂಡ್ ಕುಡ್ದ್ ಕಂಡಳ್.”